ಫ್ರೀ ಅನಿಮೋನ್ ಅಂತೆ!

ಹುಬ್ಬಳ್ಳಿಯಲ್ಲಿ ಕಡಲ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ ಇಡುವುದೇ ಒಂದು ರಗಳೆ. ನಳ ಬರುವ ದಿನ ಕಾದು ನೀರು ಹಿಡಿಯಬೇಕು, ಆರ್‌ಒ ಮಾಡಬೇಕು, ಉಪ್ಪು ಕಲಸಿ ಸಾಂದ್ರತೆಯನ್ನು 1.025ಕ್ಕೆ ತರಬೇಕು. ಇರಲಿ, ನಾನಾಗೇ ಹಚ್ಚಿಕೊಂಡ ಹುಚ್ಚು. ಆದ್ರೆ ಟ್ಯಾಂಕಿಗೆ ಅಂತ ರೊಕ್ಕ ಕೊಟ್ಟು ತಂದ ಕಲ್ಲಿನ ಜೊತೆ ಪೀಡೆಯನ್ನೂ ಕಟ್ಟಿ ಕಳಿಸುತ್ತಾರಲ್ಲ, ಅದಕ್ಕೇನು ಹೇಳೋಣ?

ಕಲ್ಲಿನ ಸಂದಿಯಲ್ಲಿ ಕಂದು ಬಣ್ಣದ ಪುಟ್ಟದೊಂದು ಜೀವ. ಸಣ್ಣ ಕಾಂಡ, ಮೇಲೆ ಸುತ್ತಲೂ ಚೂಪು ತುದಿಯ ಎಳೆಗಳು. ಕೈ ಹತ್ತಿರ ಹೋದರೆ ಚಕ್ಕನೆ ತೂತಿನೊಳಗೆ. ಅಂಗಡಿಯ ಪುಣ್ಯಾತ್ಮನಿಗೆ ಫೋಟೋ ತೋರಿಸಿದರೆ, “ಅನಿಮೋನ್ ಐತ್ರೀ ಸರ, ಫ್ರೀ ಬಂದೈತಿ ನಿಮಗ” ಅಂದ! ಅದು ಐಪ್ಟೇಸಿಯಾ ರೀ, ಅನಿಮೋನ್ ಅನ್ನೋ ಹೂವಿನಂಥ ಕಡಲಜೀವಿಗಳಲ್ಲೇ ಪೀಡೆಯ ಜಾತಿ. ಪಕ್ಕದ ಹವಳಗಳನ್ನು ಚುಚ್ಚಿ ಚುಚ್ಚಿ ಸಾಯಿಸುತ್ತದೆ. ಕ್ಲೌನ್ ಮೀನು ಮನೆ ಮಾಡುವ ಅನಿಮೋನೇ ಬೇರೆ. ದಿನಾ ಇದೇ ವ್ಯಾಪಾರ ಮಾಡುವವನಿಗೆ ಅಷ್ಟೂ ಗೊತ್ತಿಲ್ಲ ಅಂದ್ರೆ ನಂಬಬೇಕಾ?

ಮೇಲೆ ಸಲಹೆ ಬೇರೆ: “ಕಿತ್ತು ಒಗೀರಿ.” ಕಿತ್ತರೆ ಬುಡದ ಚೂರು ಕಲ್ಲಿಗೇ ಅಂಟಿ ಉಳಿಯುತ್ತದೆ. ಆ ಚೂರೇ ಮತ್ತೊಂದು ಐಪ್ಟೇಸಿಯಾ ಆಗುತ್ತದೆ. ಇದೇ ಮನುಷ್ಯ ಪಾಪದ ಬ್ರಿಸಲ್ ಹುಳು ಕಂಡರೆ ಮಾತ್ರ “ಡೇಂಜರ್ ಸರ” ಅಂತ ಅದನ್ನು ಹಿಡಿಯುವ ಡಬ್ಬಿ ಮಾರಲು ಬರುತ್ತಾನೆ. ಅದು ಮೀನು ಬಿಟ್ಟ ಆಹಾರ ತಿಂದುಕೊಂಡು ಇರುವ ಹುಳು. ಮೈಮೇಲಿನ ಮುಳ್ಳುಗೂದಲು ಚುಚ್ಚುತ್ತದೆ, ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು.

ಐಪ್ಟೇಸಿಯಾ ತಿನ್ನುತ್ತದೆ ಅಂತ ಪೆಪ್ಪರ್‌ಮಿಂಟ್ ಸೀಗಡಿ ಕೇಳಿದೆ. ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದರೆ ಬೆನ್ನು ಡುಬ್ಬ, ಕೆಂಪು ಮೈತುಂಬ ಬಿಳಿ ಗೆರೆ. ಕ್ಯಾಮೆಲ್ ಸೀಗಡಿ! ಫೋನ್ ಮಾಡಿದ್ರೆ “ಎರಡೂ ಒಂದ ರೀ.” ಒಂದಂತೆ! ಅದು ಐಪ್ಟೇಸಿಯಾ ಕಡೆ ತಿರುಗಿಯೂ ನೋಡಲಿಲ್ಲ, ಹವಳದಂಥ ನನ್ನ ಝೋಆಂಥಿಡ್‌ಗಳನ್ನು ಆರಿಸಿ ಆರಿಸಿ ತಿಂದಿತು. ವಾಪಸ್ ತಗೊಳ್ಳಿ ಅಂದ್ರೆ, “ಜೀವದ ಮಾಲು ವಾಪಸ್ ಇಲ್ರೀ.”

ಈಗ ರವಿವಾರವೆಲ್ಲ ಸಿರಿಂಜು ಹಿಡಿದು ಟ್ಯಾಂಕ್ ಮುಂದೆ ಕೂರಬೇಕು. ಸುಣ್ಣವನ್ನು, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆರ್‌ಒ ನೀರಲ್ಲಿ ಗಟ್ಟಿಯಾಗಿ ಕಲಸಿ, ಪಂಪು ಬಂದ್ ಮಾಡಿ, ಒಂದೊಂದು ಐಪ್ಟೇಸಿಯಾ ಬಾಯಿಗೂ ಮೆಲ್ಲಗೆ ಬಿಟ್ಟು ಸಾಯಿಸಬೇಕು. ಅವಸರ ಮಾಡಿದರೆ ಒಳಗೆ ಸೇರಿಕೊಳ್ಳುತ್ತದೆ. ಒಮ್ಮೆಗೇ ಜಾಸ್ತಿ ಸುಣ್ಣ ಹಾಕಿದರೆ ಪಿಎಚ್ ಏರಿ ಮೀನಿಗೇ ಕುತ್ತು. ಹಾಗಾಗಿ ಈ ರವಿವಾರ ನಾಲ್ಕು, ಮುಂದಿನ ರವಿವಾರ ನಾಲ್ಕು. ಮುಗಿಯುವ ಮಾತೇ ಇಲ್ಲ.

ಬಂದ ಮಾಲನ್ನು ಮಾರುವ ಮೊದಲು ಬೇರೆ ಟಬ್ಬಿನಲ್ಲಿ ಕೆಲವು ವಾರ ಇಟ್ಟು ನೋಡೋಕೆ ಇವರಿಗೇನು ಧಾಡಿ?

ಧಾರವಾಡ, ಗದಗ ಕಡೆ ಯಾರ ಹತ್ತಿರವಾದರೂ ನಿಜವಾದ ಪೆಪ್ಪರ್‌ಮಿಂಟ್ ಸೀಗಡಿ ಇದ್ರೆ ತಿಳಿಸಿ. ರೇಟು ಆಮೇಲೆ ಮಾತಾಡೋಣ. ಮೊದಲು ಫೋಟೋ ಕಳಿಸಿ, ಬೆನ್ನು ಸರಿಯಾಗಿ ಕಾಣೋ ಹಾಗೆ.