ವಿಮರ್ಶೆ ಓದುಗನಿಗೂ ಬೇಕು

ವಿಮರ್ಶೆ ಎನ್ನುವುದು ಪ್ರಾಧ್ಯಾಪಕರ ವ್ಯವಹಾರ, ಸಾಮಾನ್ಯ ಓದುಗನಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ ಎಂಬ ಮಾತನ್ನು ಬಾಗಲಕೋಟೆಯ ಸಾಹಿತ್ಯಾಸಕ್ತ ಗೆಳೆಯರಿಂದಲೇ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ಕಥೆ ಮನಸ್ಸಿಗೆ ತಟ್ಟಿದರೆ ಸಾಲದೆ, ಅದನ್ನು ಬಿಡಿಸಿ ನೋಡುವುದೇಕೆ ಎಂದು ಅವರು ಕೇಳುತ್ತಾರೆ. ಕಥೆ ತಟ್ಟದಿದ್ದರೆ ವಿಮರ್ಶೆಗೆ ಕೆಲಸವೇ ಇಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತಟ್ಟಿದ್ದು ಯಾವುದು, ಏಕೆ ಎಂದು ಕೇಳಿಕೊಳ್ಳದೆ ಹೋದರೆ ದೊಡ್ಡ ಕೃತಿಯ ಬಹುಭಾಗ ನಮಗೆ ದಕ್ಕದೆಯೇ ಉಳಿಯುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ನೋಡಿ. 1933ರಲ್ಲಿ ಬಂದ ಈ ಚಿಕ್ಕ ಕಾದಂಬರಿಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಚೋಮನ ಹತ್ತಿರ ಒಂದು ಜೊತೆ ಎತ್ತುಗಳಿವೆ, ಉಳುವುದಕ್ಕೆ ನೆಲವಿಲ್ಲ. ಅವನ ಜಾತಿಯವರು ಬೇಸಾಯ ಮಾಡುವಂತಿಲ್ಲ. ಮೊದಲ ಓದಿನಲ್ಲಿ ನಮ್ಮ ಸಿಟ್ಟೆಲ್ಲ ಒಡೆಯ ಸಂಕಪ್ಪಯ್ಯನ ಮೇಲೆ ಹರಿಯುತ್ತದೆ. ಆ ಪುಟಗಳಿಗೆ ನಿಧಾನವಾಗಿ ಮರಳಿದರೆ, ಸಂಕಪ್ಪಯ್ಯ ಕಲ್ಲುಮನಸ್ಸಿನವನಲ್ಲವೆಂಬುದೂ, ನೆಲ ಕೊಡದಂತೆ ತಡೆಯುವುದು ಅವನ ತಾಯಿಯ ಮಾತೆಂಬುದೂ ಕಾಣುತ್ತದೆ. ಆ ತಾಯಿಯಾದರೂ ತಲೆತಲಾಂತರದಿಂದ ಬಂದ ಕಟ್ಟಳೆಯನ್ನೇ ಧರ್ಮವೆಂದು ನಂಬಿದವಳು. ಹಾಗಾದರೆ ಚೋಮನ ಬದುಕನ್ನು ಮುರಿದವರು ಯಾರು? ಒಬ್ಬನನ್ನೇ ದುಷ್ಟನೆಂದು ಬೆರಳು ಮಾಡಿ ತೋರಿಸಲು ಬಾರದಂತೆ ಕಾರಂತರು ಕಥೆಯನ್ನು ಕಟ್ಟಿರುವುದರಿಂದಲೇ ಅಲ್ಲಿನ ಅನ್ಯಾಯ ಅಷ್ಟು ಭಯಂಕರವಾಗಿದೆ. ಇಂಥ ಪ್ರಶ್ನೆಯನ್ನು ಎತ್ತಿ, ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಸುವುದೇ ವಿಮರ್ಶೆಯ ಮೊದಲ ಕೆಲಸ. ತೀರ್ಪು ಆಮೇಲಿನ ಮಾತು.

ನಮ್ಮ ಜಿಲ್ಲೆಯವರದೇ ಕೃತಿಗೆ ಬಂದರೆ ಈ ಅಗತ್ಯ ಇನ್ನೂ ಹೆಚ್ಚು. ಜಮಖಂಡಿ ತಾಲೂಕಿನ ಹಿರೇಪಡಸಲಗಿಯ ರಾವಬಹಾದ್ದೂರರ ಕಾದಂಬರಿ ‘ಗ್ರಾಮಾಯಣ’ 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬ ನಾಯಕನನ್ನು ಹುಡುಕುತ್ತ ಹೊರಟ ಓದುಗ, ಇಷ್ಟೊಂದು ಜನರ ನಡುವೆ ಕಥೆ ಎಲ್ಲಿದೆ ಎಂದು ಬೇಸತ್ತು ಪುಸ್ತಕವನ್ನು ಬದಿಗಿಡುವುದುಂಟು. ಪಾದಳ್ಳಿ ಎಂಬ ಊರೇ ಇಲ್ಲಿ ನಾಯಕ ಎಂದು ವಿಮರ್ಶಕರು ತೋರಿಸಿಕೊಟ್ಟ ಮೇಲೆ ಅದೇ ಪುಟಗಳು ಬೇರೆಯಾಗಿ ಓದಿಸಿಕೊಳ್ಳುತ್ತವೆ: ಯಾರು ಏನಂದರು, ಅದನ್ನು ಮತ್ತೊಬ್ಬರು ಹೇಗೆ ತಿಳಿದರು, ಒಂದು ಮಾತು ಓಣಿಯಿಂದ ಓಣಿಗೆ ಹೋಗುವಷ್ಟರಲ್ಲಿ ಏನಾಯಿತು ಎಂಬುದರ ಮೇಲೆ ಗಮನ ನಿಲ್ಲುತ್ತದೆ. ನಮ್ಮ ಕಡೆಯ ಆಡುಮಾತು ಅಲ್ಲಿ ಬರಿಯ ಅಲಂಕಾರವಾಗಿ ಬಂದಿಲ್ಲ. ಆ ಊರು ಯೋಚಿಸುವುದೇ ಆ ಮಾತಿನಲ್ಲಿ.

ಕೂಡಿ ಓದಿ ಚರ್ಚಿಸುವ ರೂಢಿ ನಮ್ಮ ಸೀಮೆಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣನವರಂಥ ಗೆಳೆಯರ ಗುಂಪೇ ಇತ್ತು. ವಿಮರ್ಶೆಗೆ ನಮ್ಮಲ್ಲಿ ಮನ್ನಣೆ ಇಲ್ಲವೆನ್ನುವಂತೆಯೂ ಇಲ್ಲ. 1995ರಲ್ಲಿ ಕೀರ್ತಿನಾಥ ಕುರ್ತಕೋಟಿಯವರ ‘ಉರಿಯ ನಾಲಗೆ’ಗೆ, ಮರುವರ್ಷವೇ ಜಿ.ಎಸ್. ಆಮೂರರ ‘ಭುವನದ ಭಾಗ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಎರಡೂ ವಿಮರ್ಶೆಯ ಪುಸ್ತಕಗಳು, ಇಬ್ಬರೂ ಉತ್ತರ ಕರ್ನಾಟಕದವರು. ಇಷ್ಟಿದ್ದೂ ಇಂದು ನಮ್ಮ ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಶಾಲು, ಹಾರ, ಹೊಗಳಿಕೆಗಳಾದ ಮೇಲೆ ಕೃತಿಯ ಒಂದು ಪುಟವನ್ನಾದರೂ ತೆರೆದು ಮಾತನಾಡುವವರು ಅಪರೂಪ. ಲೇಖಕರಿಗೆ ನೋವಾದೀತು ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಓದದೆ ಹೊಗಳುವುದು ಲೇಖಕರಿಗೆ ಮಾಡುವ ದೊಡ್ಡ ಅವಮಾನ.

ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಮೊದಲು ಕಾದಂಬರಿಯನ್ನು ಪೂರ್ತಿ ಓದಿ, ವಿಮರ್ಶೆಯನ್ನು ಅನಂತರ ಓದಿ. ಗೈಡು ಓದಿ ಪರೀಕ್ಷೆ ಬರೆಯಬಹುದು, ಚೋಮನನ್ನು ಕಾಣಲಾಗದು. ವಿಮರ್ಶಕ ಎಷ್ಟೇ ದೊಡ್ಡವರಾಗಿರಲಿ, ಅವರ ಮಾತನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಯಾವ ಪುಟದ ಯಾವ ಸಾಲು ಬೇರೆ ಹೇಳುತ್ತಿದೆ ಎಂದು ತೋರಿಸಲು ಬರಬೇಕು, ಅಷ್ಟೆ.

ಬಾಗಲಕೋಟೆ, ಜಮಖಂಡಿ ಕಡೆಯ ಗೆಳೆಯರು ‘ಗ್ರಾಮಾಯಣ’ವನ್ನು ಕೂಡಿ ಓದಲು ಸಿದ್ಧರಿದ್ದರೆ ದಯವಿಟ್ಟು ತಿಳಿಸಿ. ವಾರಕ್ಕೊಂದು ಅಧ್ಯಾಯದಂತೆ ಓದೋಣ. ಅದರ ಬಗ್ಗೆ ಬಂದ ವಿಮರ್ಶೆಯ ಲೇಖನಗಳನ್ನು ಕಾದಂಬರಿ ಮುಗಿದ ಮೇಲೆ ತೆರೆಯೋಣ.