ಮೇಷ್ಟ್ರ ಮಾರುತಿಗೆ ಗುಲಾಬಿ ನೀರು

ನಮ್ಮ ಮಾವನವರ ಮಾರುತಿ 800ರಲ್ಲಿ ಇಂಜಿನ್ ತಣ್ಣಗಿಡೋ ರೇಡಿಯೇಟರ್ ಒಳಗೆ ಏನಿದೆ ಅಂತ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಮಂಡ್ಯ ಕಡೆ ಮೇಷ್ಟ್ರಾಗಿದ್ದ ಮಾವ ನಿವೃತ್ತಿಯಾದ ಮೇಲೆ ಅತ್ತೆಯನ್ನೂ ಕಾರನ್ನೂ ಕರೆದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದರು. ಕಾರು 1997ರದು. ಈ ಗಾಡಿ ತಯಾರಿಸೋದನ್ನು ಕಂಪನಿಯೇ 2014ರಲ್ಲಿ ನಿಲ್ಲಿಸಿತು. ಓಡಿಸೋದನ್ನು ಮಾವ ನಿಲ್ಲಿಸಿಲ್ಲ. ಐದೈದು ವರ್ಷಕ್ಕೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿ ನವೀಕರಿಸಿಕೊಂಡು ಮೀಸೆ ತಿರುವುತ್ತಾ ಬರುತ್ತಾರೆ. ಅದರಲ್ಲಿ ಎ.ಸಿ. ಇದೆ, ತಣ್ಣನೆ ಗಾಳಿ ಬರಲ್ಲ. ಹೀಟರ್ ಮಾತ್ರ ಅಮೋಘವಾಗಿ ಕೆಲಸ ಮಾಡುತ್ತದೆ.

ಬಾನೆಟ್ ಎತ್ತಿಸಿ ಕೂಲಂಟನ್ನು, ಅಂದರೆ ರೇಡಿಯೇಟರಿನೊಳಗಿನ ದ್ರವವನ್ನು, ನೋಡಿದ್ದು ಪಕ್ಕದ ಮನೆಯ ರಾಯರು. ನಿವೃತ್ತ ಇಂಜಿನಿಯರು. ನಿವೃತ್ತಿ ಆಗಿರೋದು ಕಚೇರಿಯಿಂದ ಮಾತ್ರ.

“ಮೇಷ್ಟ್ರೇ, ಇದು ಹಳೇ ಕಾಲದ ಹಸಿರು ಕೂಲಂಟು. ಎರಡು ವರ್ಷಕ್ಕೆ ಇದರ ಸತ್ವ ಮುಗೀತು. ಈಗ ಗುಲಾಬಿ ಬಣ್ಣದ್ದು ಬರುತ್ತೆ, ಅದನ್ನ ಹಾಕ್ಸಿ. ಐದು ವರ್ಷ ಬಾನೆಟ್ ತೆಗೆಯೋ ಅಗತ್ಯವೇ ಇಲ್ಲ.”

ಐದು ವರ್ಷ ಖರ್ಚಿಲ್ಲ ಅನ್ನೋ ಮಾತು ಮಾವನ ಕಿವಿಗೆ ಬಿದ್ದರೆ ಮುಗಿಯಿತು. ಮಾರನೇ ದಿನವೇ ಹೊರಟೆವು. ದೇವರಾಜ ಮಾರುಕಟ್ಟೆಯಲ್ಲಿ ಹೂವು ತಗೋಬೇಕು ಅಂತ ಅತ್ತೆಯೂ ಹತ್ತಿದರು.

ಬಿಡಿಭಾಗದ ಅಂಗಡಿಯಲ್ಲಿ ಹಸಿರು, ಗುಲಾಬಿ, ನೀಲಿ, ಹಳದಿ ಕ್ಯಾನುಗಳು ಸಾಲಾಗಿ ಕೂತಿದ್ದವು. ಹುಡುಗ ಕೇಳಿದ್ದು ಒಂದೇ ಪ್ರಶ್ನೆ: “ಯಾವ ಕಲರ್ ಕೊಡ್ಲಿ ಸಾರ್?”

ಅತ್ತೆ ಹಿಂದಿನಿಂದ ಹೇಳಿದರು: “ಗಾಡಿ ಬಿಳೀದು ಕಣಪ್ಪ. ಯಾವ್ದಾದ್ರೂ ಒಪ್ತದೆ.”

ನಗಬೇಡಿ. ಬಣ್ಣ ನೋಡಿ ಕೂಲಂಟ್ ಕೊಳ್ಳೋರೆಲ್ಲ ಮಾಡೋದು ಇದನ್ನೇ. ಒಳಗಿನ ಮುಖ್ಯ ದ್ರವ ಎಥಿಲೀನ್ ಗ್ಲೈಕಾಲ್, ಅದಕ್ಕೆ ಬಣ್ಣವೇ ಇಲ್ಲ. ಬಣ್ಣವನ್ನು ಆಮೇಲೆ ಸೇರಿಸುತ್ತಾರೆ, ಒಂದೊಂದು ಕಂಪನಿ ಒಂದೊಂದು. ನೋಡಬೇಕಾದ್ದು ಕ್ಯಾನಿನ ಬೆನ್ನ ಮೇಲಿನ ಸಣ್ಣಕ್ಷರ. ಹಳೇ ಬಗೆಯದರಲ್ಲಿ ಸಿಲಿಕೇಟ್, ಫಾಸ್ಫೇಟ್ ಥರದ ಲವಣಗಳಿರುತ್ತವೆ. ಅವು ಹಾಕಿದ ಕೂಡಲೇ ಒಳಗಿನ ಲೋಹದ ಮೇಲೆಲ್ಲ ತೆಳ್ಳಗೆ ಪದರ ಕಟ್ಟಿ ತುಕ್ಕು ತಡೆಯುತ್ತವೆ, ಬೇಗ ಖರ್ಚೂ ಆಗುತ್ತವೆ. ಹೊಸ ಬಗೆಯದರಲ್ಲಿ ಸಾವಯವ ಆಮ್ಲಗಳು. ಅವು ತುಕ್ಕು ಶುರುವಾಗೋ ಜಾಗಕ್ಕೆ ಮಾತ್ರ ಹೋಗಿ ಕೆಲಸ ಮಾಡುತ್ತವೆ, ಅದಕ್ಕೇ ಬಾಳಿಕೆ ಜಾಸ್ತಿ. ಎರಡನ್ನೂ ಬೆರೆಸಿದರೆ ಹೊಸದರ ಬಾಳಿಕೆ ಕಮ್ಮಿಯಾಗುತ್ತೆ, ಕೆಲವು ಸಲ ಒಳಗೆ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತೆ. ಆದ್ದರಿಂದ ಹಳೇದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಆಮೇಲೆ ಹೊಸದು ತುಂಬಬೇಕು. ಇಷ್ಟೂ ರಾಯರು ದಾರಿಯುದ್ದಕ್ಕೂ ಫೋನಿನಲ್ಲಿ ಮಾಡಿದ ಪಾಠ. ಪಾಠ ಸರಿಯಾಗೇ ಇತ್ತು, ಒಂದು ಅಧ್ಯಾಯ ಮಾತ್ರ ಬಿಟ್ಟುಹೋಗಿತ್ತು. ಅದು ಮುಂದೆ ಬರುತ್ತೆ.

ಗ್ಯಾರೇಜಿನವನು ಮಾವನ ಊರಿನ ಕಡೆಯವನೇ. ಇಂಜಿನ್ ತಣ್ಣಗಾಗುವ ತನಕ ಕಾಯಿಸಿ, ಆಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು, ಕೆಳಗಿನ ಪ್ಲಗ್ ಬಿಚ್ಚಿ ಬಕೆಟ್ ಇಟ್ಟ. ಹಸಿರು ನೀರು ಬರುತ್ತೆ ಅಂತ ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಮೊದಲು ಬಂದಿದ್ದು ಹಸಿರೇ. ಆಮೇಲೆ ಕಂದು. ಆಮೇಲೆ ದಪ್ಪಗೆ, ಹಳದಿ ಬಣ್ಣದ ಗಸಿ.

ಅವನು ಬೆರಳಿನಲ್ಲಿ ಮುಟ್ಟಿ ಉಜ್ಜಿ ನೋಡಿದ. “ಮೇಷ್ಟ್ರೇ, ಇದ್ರೊಳಗೆ ಏನ್ ಸಾರು ಕಾಯ್ಸಿದ್ರಿ?”

ಮಾವ ಎದುರಿನ ಗೋಡೆಯ ಮೇಲಿನ ಟೈರ್ ಜಾಹೀರಾತನ್ನು ಓದತೊಡಗಿದರು. ಎಷ್ಟು ಓದಿದರೂ ಅದು ಮುಗಿಯಲಿಲ್ಲ.

“ಅರ್ಶಿನ ಅಲ್ವಾ ಇದು?” ಅಂದರು ಅತ್ತೆ. ಅಡುಗೆಮನೆಯಲ್ಲಿ ಕಣ್ಣು ಪಳಗಿದವರಿಗೆ ಗೊತ್ತಾಗದೆ ಇರುತ್ತಾ?

ಆಗ ಹೊರಬಿತ್ತು ಕಥೆ. ಹಿಂದೊಂದು ಸಲ ಇಬ್ಬರೂ ಮಂಡ್ಯದಿಂದ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದಾಗ ಅರ್ಧ ದಾರಿಯಲ್ಲಿ ಬಾನೆಟ್ ಬುಸ್ ಅಂದಿತ್ತು. ಬೆಟ್ಟದ ತುದಿ 1,000 ಮೀಟರಿಗಿಂತ ಎತ್ತರ. ಅಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಕ್ಯಾಪ್ ಗಟ್ಟಿಯಾಗಿದ್ದರೆ ಒಳಗಿನ ಒತ್ತಡ ಅದನ್ನು ತಡೆಯುತ್ತೆ. ಮಾವನ ಕ್ಯಾಪಿನ ರಬ್ಬರ್ ಆಗಲೇ ಹೋಗಿತ್ತು, ಜೊತೆಗೆ ರೇಡಿಯೇಟರ್ ಕೂಡ ತೊಟ್ಟಿಕ್ಕುತ್ತಿತ್ತು. ಅತ್ತೆ ನಂದಿ ನೋಡಲು ಹೋಗಿದ್ದರು. ದಾರಿಯಲ್ಲಿ ಜೀಪ್ ನಿಲ್ಲಿಸಿದ ಹಳೇ ಡ್ರೈವರೊಬ್ಬರು ಸಲಹೆ ಕೊಟ್ಟರು: “ಅರ್ಶಿನ ಐತಾ? ಸುರೀರಿ.” ಇದು ಲಾರಿ, ಜೀಪಿನವರಲ್ಲಿ ಎಂದಿನಿಂದಲೋ ಇರೋ ಉಪಾಯ. ಪುಡಿ ನೀರಿನ ಜೊತೆ ತಿರುಗಿ, ತೂತಿನ ಬಾಯಿಗೆ ಹೋಗಿ ಕೂತು ಮುಚ್ಚುತ್ತೆ. ತಾಯಿಗೆ ಅಂತ ಅತ್ತೆ ತಂದಿದ್ದ ಅರಿಶಿನದ ಪೊಟ್ಟಣ ಪೂರ್ತಿ ರೇಡಿಯೇಟರ್ ಪಾಲಾಯಿತು.

“ಕೋತಿ ಎತ್ಕೊಂಡು ಹೋಯ್ತು ಅಂದಿದ್ರಲ್ರೀ!”

ಮಾವ ಜಾಹೀರಾತಿನ ಸಣ್ಣಕ್ಷರಕ್ಕೆ ಬಂದಿದ್ದರು.

ಅತ್ತೆಗೆ ಹಳೆಯದೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಅವತ್ತು ಮಾವ ಇಂಜಿನ್ನಿನ ಶಾಖ ಕಮ್ಮಿ ಮಾಡೋಕೆ ಹೀಟರನ್ನು ಪೂರ್ತಿ ತಿರುಗಿಸಿದ್ದರು. ಇದೂ ಡ್ರೈವರುಗಳ ಉಪಾಯವೇ, ಶಾಖ ಕಾರಿನೊಳಕ್ಕೆ ಬಂದುಬಿಡುತ್ತೆ. “ಅರ್ಶಿನ ಕೊಡ್ಲಿಲ್ಲ ಅಂತ ತಾಯಿ ಮುನಿಸ್ಕೊಂಡು ಮೈಯೆಲ್ಲ ಉರೀತೈತೆ ಅಂದ್ಕೊಂಡೆ ಕಣ್ರೀ. ತಪ್ಪುಕಾಣಿಕೆ ಬೇರೆ ಕಟ್ಟಿಟ್ಟಿದ್ದೆ!” ಅಂದಿನಿಂದ ಬೆಟ್ಟದ ಕೋತಿಗಳಿಗೆ ಅವರು ಬಾಳೆಹಣ್ಣು ಕೊಡೋದನ್ನೂ ನಿಲ್ಲಿಸಿದ್ದರಂತೆ.

ವಿಷಯ ಬದಲಾಯಿಸಲು ಮಾವ ಬಕೆಟ್ ಕಡೆ ತಿರುಗಿದರು. ಬಸಿದ ನೀರನ್ನು ಸುಮ್ನೆ ಚೆಲ್ಲೋದ್ಯಾಕೆ, ಮನೆಯ ತೆಂಗಿನ ಬುಡಕ್ಕೆ ಹಾಕೋಣ ಅಂದರು. ಮೆಕ್ಯಾನಿಕ್ ಬಕೆಟನ್ನು ಎಳೆದುಕೊಂಡ. “ಬ್ಯಾಡಿ ಮೇಷ್ಟ್ರೇ. ಇದು ಸಿಹಿಯಾಗಿರ್ತದೆ. ಬೀದಿ ನಾಯಿ ನೆಕ್ಕಿದ್ರೆ ಕಿಡ್ನಿ ಹೋಯ್ತು ಅಂತಲೇ ಲೆಕ್ಕ.” ಮುಚ್ಚಳವಿರೋ ಡಬ್ಬಕ್ಕೆ ಸುರಿದು ಒಳಗಿಟ್ಟ. ಅವತ್ತು ಆ ಗ್ಯಾರೇಜಿನಲ್ಲಿ ಕೇಳಿದ ಮಾತುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಆಮೇಲೆ ತೊಳೆಯೋ ಕೆಲಸ. ಹೀಟರಿನ ಕೊಳವೆಯಲ್ಲೂ ಹಳೇ ನೀರು ಕೂತಿರುತ್ತೆ, ಅದಕ್ಕೇ ಹೀಟರ್ ಫುಲ್ ಇಟ್ಟು ಇಂಜಿನ್ ಓಡಿಸಬೇಕು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಒಳಗೆ ಕೂತು ಆಕ್ಸಿಲರೇಟರ್ ಒತ್ತೋಕೆ ಯಾರಾದರೂ ಬೇಕಿತ್ತು. “ನೀವೇ ಕೂತ್ಕಳಿ” ಅಂದರು ಅತ್ತೆ, ಮಾವನಿಗೆ. ಮಾವ ತುಟಿಪಿಟಕ್ ಅನ್ನದೆ ಹೋಗಿ ಕೂತರು.

ನೀರು ಮತ್ತೆ ಮತ್ತೆ ತುಂಬಿ ಬಸಿದ ಮೇಲೆ ತಿಳಿಯಾಗಿ ಬಂತು. ಎಲ್ಲರಿಗೂ ಸಂತೋಷ. ಆಗ ಶುರುವಾಯಿತು. ರೇಡಿಯೇಟರ್‌ನ ಮೂಲೆಯಲ್ಲಿ ಒಂದು ಹನಿ. ಅದರ ಪಕ್ಕ ಇನ್ನೊಂದು. ಹೋಸ್ ಪೈಪಿನ ಬಾಯಲ್ಲಿ. ವಾಟರ್ ಪಂಪಿನ ಕೆಳಗೆ. ನೋಡನೋಡುತ್ತಿದ್ದಂತೆ ಗಾಡಿ ಎಲ್ಲ ಕಡೆಯಿಂದಲೂ ಅಳತೊಡಗಿತು.

“ಕೊಳೇನೇ ಇಷ್ಟು ದಿನ ಗಾಡೀನ ಹಿಡ್ಕಂಡಿತ್ತು” ಅಂದ ಮೆಕ್ಯಾನಿಕ್. ಅರಿಶಿನ, ಬೋರ್‌ವೆಲ್ ನೀರಿನ ಸುಣ್ಣ, ತುಕ್ಕು, ಎಲ್ಲ ಸೇರಿ ಒಳ್ಳೆ ಗಾರೆಯಾಗಿದ್ದವು. ತೊಳೆದಿದ್ದೇ ತಪ್ಪಾಯಿತೇನೋ ಅನ್ನೋ ಮುಖ ಮಾಡಿಕೊಂಡು ಮಾವ ಬೆವರು ಒರೆಸಿಕೊಳ್ಳುತ್ತಾ ಇಳಿದರು.

ರೇಡಿಯೇಟರ್ ಬಿಚ್ಚಿ ಮಂಡಿ ಮೊಹಲ್ಲಾ ಕಡೆಯ ಒಬ್ಬ ರಿಪೇರಿ ಸಾಬರ ಹತ್ತಿರ ಒಯ್ದೆವು. ಅವರು ಅದರ ಬಾಯಿಗಳನ್ನು ಮುಚ್ಚಿ, ಗಾಳಿ ಹೊಡೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಎದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೊನೆಗೆ ಗುರುತಿಲ್ಲದ ಜಾಗ ಹುಡುಕಬೇಕಾಯಿತು. ಬೆಸುಗೆ ಹಾಕುತ್ತಾ ಕೇಳಿದರು: “ಒಳಗೆ ಏನ್ ಹಾಕ್ತೀರಾ ಸಾರ್?”

ಮಾವ ಗುಲಾಬಿ ಕ್ಯಾನನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು.

ಸಾಬರು ಬೇಡ ಅಂತ ತಲೆಯಾಡಿಸಿದರು. ರಾಯರು ಬಿಟ್ಟಿದ್ದ ಅಧ್ಯಾಯ ಇದು. ಈ ರೇಡಿಯೇಟರ್ ತಾಮ್ರ, ಹಿತ್ತಾಳೆಯದು. ಅದರ ಕೀಲುಗಳನ್ನು ಹಿಡಿದಿರೋದು ಸೀಸದ ಬೆಸುಗೆ. ಆಮ್ಲದ ಬಗೆಯ ಕೂಲಂಟುಗಳು ಬಂದಿದ್ದು ಅಲ್ಯೂಮಿನಿಯಂ ರೇಡಿಯೇಟರಿನ ಕಾಲಕ್ಕೆ. ಅವುಗಳಲ್ಲಿ ಕೆಲವು ಈ ಹಳೇ ಬೆಸುಗೆಗೆ ಆಗಿಬರೋದಿಲ್ಲ. “ಹಸಿರೇ ಹಾಕಿ. ಎರಡು ವರ್ಷಕ್ಕೆ ಬದಲಾಯಿಸಿ. ಮೇಲೆ ಬೋರ್ ನೀರು ಹುಯ್ಬೇಡಿ.” ಮುಗಿಯಿತು. ಹೊಸ ಹೋಸ್, ಹೊಸ ಕ್ಯಾಪ್, ಪಂಪಿನ ರಿಪೇರಿ, ಬೆಸುಗೆ, ಮೇಲೆ ಹಸಿರು ಕೂಲಂಟು. ಬಿಲ್ ನೋಡಿದ ಮಾವ, ಐದು ವರ್ಷಕ್ಕಾಗುವಷ್ಟು ಖರ್ಚು ಒಂದೇ ಸಲಕ್ಕೆ ಆಯ್ತಲ್ಲ ಅಂದರು.

ಗುಲಾಬಿ ಕ್ಯಾನನ್ನು ರಾಯರಿಗೇ ಕೊಡಲು ಹೋದೆವು, ಅವರದು ಹೊಸ ಕಾರು ಅಲ್ವಾ ಅಂತ. ಅವರು ಮೊದಲ ಸಲ ತಮ್ಮ ಕಾರಿನ ಕೈಪಿಡಿ ತೆಗೆದು ಓದಿದರು. ಅದರಲ್ಲಿ ನೀಲಿಯದನ್ನೇ ಹಾಕಿ ಅಂತ ಬರೆದಿತ್ತು. ಎರಡು ದಿನ ರಾಯರು ಕಾಂಪೌಂಡಿನ ಕಡೆ ಕಾಣಿಸಲಿಲ್ಲ.

ಹೋದ ಶುಕ್ರವಾರ ರಿಪೇರಿಯಾದ ಗಾಡಿಯಲ್ಲಿ ಬೆಟ್ಟಕ್ಕೆ ಹೊರಟೆವು. ಅತ್ತೆಯ ಬುಟ್ಟಿಯಲ್ಲಿ ಕೋತಿಗಳಿಗೆ ಅಂತ ಒಂದು ಚಿಪ್ಪು ಬಾಳೆಹಣ್ಣು ಇತ್ತು. ತಾಯಿಗೆ ಅಂತ ಅರಿಶಿನದ ಪೊಟ್ಟಣ. ಅದರ ಪಕ್ಕ ಅಂಥದೇ ಇನ್ನೊಂದು. ಅದ್ಯಾಕೆ ಅಂತ ಕೇಳಿದೆ.

“ಇರ್ಲಿ ಅಳಿಯಂದ್ರೇ” ಅಂದರು ಅತ್ತೆ, ಮಾವನ ಬೆನ್ನನ್ನೇ ನೋಡುತ್ತಾ. “ಅದು ಗಾಡೀದು. ಇನ್ನೇನ್ ಕೇಳಿದ್ರೂ ಇದ್ರಲ್ಲೇ ತಗೊಳ್ಲಿ.”