1967ಕ್ಕೇ ನಿಂತುಬಿಡುವ ಆತ್ಮಕಥೆ

ಕಾಶ್ಮೀರದ ಕೊನೆಯ ಮಹಾರಾಜ ಹರಿಸಿಂಗ್ ಅವರ ಮಗ, ಆಮೇಲೆ ಕೇಂದ್ರ ಸಚಿವರಾದ ಕರಣ್ ಸಿಂಗ್ ಹೆಸರು ಬಂದರೆ ನಮ್ಮ ಚಿಕ್ಕಮಗಳೂರಿನ ಓದುಗರಲ್ಲಿ ತಕ್ಷಣ ಎರಡು ಬಣ. ಒಂದಕ್ಕೆ ಅವರು ರಾಜರ್ಷಿ. ಇನ್ನೊಂದಕ್ಕೆ ಅವರದು ಹೊಟ್ಟೆ ತುಂಬಿದವರ ವೇದಾಂತ, ಅರಮನೆಯಲ್ಲಿ ಕೂತು ಹೇಳಿದ ಉಪನಿಷತ್ತು. ಎರಡೂ ಕಡೆಯವರು ಸಾಕ್ಷಿಗೆ ತರುವುದು ಅವರ ಆತ್ಮಕಥೆಯನ್ನೇ. ಆದರೆ ಆ ಆತ್ಮಕಥೆ ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ನೋಡಿದವರು ಕಡಿಮೆ.

ಅದು ಎರಡು ಸಂಪುಟ. 'ಏರ್ ಅಪ್ಯಾರೆಂಟ್' ಬಂದದ್ದು 1982ರಲ್ಲಿ, 1931ರ ಹುಟ್ಟಿನಿಂದ 1953ರವರೆಗಿನ ಕಥೆ. 'ಸದರ್-ಇ-ರಿಯಾಸತ್' (ಅಂದರೆ ಜಮ್ಮು-ಕಾಶ್ಮೀರ ರಾಜ್ಯದ ಮುಖ್ಯಸ್ಥ, ಆಗ ಅವರು ಹೊತ್ತಿದ್ದ ಹುದ್ದೆ) ಬಂದದ್ದು 1985ರಲ್ಲಿ, 1953ರಿಂದ 1967ರವರೆಗೆ. ಅಲ್ಲಿಗೆ ಪುಸ್ತಕ ಬಂದ್. 36ನೇ ವಯಸ್ಸಿಗೆ ಸೇರಿದ ಕೇಂದ್ರ ಮಂತ್ರಿಮಂಡಲದಲ್ಲಿ ಕಳೆದ ವರ್ಷಗಳು, ಆರೋಗ್ಯ ಖಾತೆ, ತುರ್ತುಪರಿಸ್ಥಿತಿ, ಯಾವುದೂ ಈ ಎರಡು ಸಂಪುಟಗಳಲ್ಲಿ ಇಲ್ಲ. 1978ರಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ, ಇಂದಿಗೂ ಐ.ಜಿ. (ಇಂದಿರಾ ಗಾಂಧಿ) ರೋಡ್‌ನಲ್ಲೇ ಓಡಾಡುವ ನಮ್ಮೂರಿಗೆ ಆಸಕ್ತಿ ಇರಬೇಕಾದ ಭಾಗವೇ ಅದು. 1980ರಲ್ಲಿ ಇದೇ ಕರಣ್ ಸಿಂಗ್ ಉಧಂಪುರದಿಂದ ಗೆದ್ದದ್ದು ಇಂದಿರಾ ಪಕ್ಷದಿಂದಲ್ಲ, ನಮ್ಮ ದೇವರಾಜ ಅರಸರ ಹೆಸರು ಹೊತ್ತ ಕಾಂಗ್ರೆಸ್ (ಯು) ಟಿಕೆಟ್‌ನಲ್ಲಿ.

ಅಭಿಮಾನಿಗಳ ಪ್ರೀತಿ ಅರ್ಥವಾಗುತ್ತದೆ. 'ನಮಸ್ತೇ ಶಾರದೇ ದೇವಿ ಕಾಶ್ಮೀರಪುರವಾಸಿನಿ' ಎಂದು ಬಾಯಿಪಾಠ ಮಾಡಿ ಬೆಳೆದ ಜಿಲ್ಲೆ ಇದು. ಶೃಂಗೇರಿಯ ಸೀಮೆಯವರಿಗೆ ಕಾಶ್ಮೀರದ ಯುವರಾಜನೊಬ್ಬ 'ಈಶಾವಾಸ್ಯಮಿದಂ ಸರ್ವಂ' ಎಂದರೆ ಕಿವಿ ನಿಮಿರದೆ ಇರುತ್ತದೆಯೇ? ಆ ನಂಬಿಕೆ ವೇಷ ಎಂದು ನನಗೂ ಅನ್ನಿಸಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅರವಿಂದರ ರಾಜಕೀಯ ಚಿಂತನೆಯ ಮೇಲೆ ಪಿಎಚ್.ಡಿ. ಮಾಡಿದವರು ಅವರು. ಅಲ್ಮೋರಾ ಹತ್ತಿರದ ಮಿರ್ತೋಲಾ ಆಶ್ರಮದ ಶ್ರೀ ಕೃಷ್ಣಪ್ರೇಮರ ಒಡನಾಟ ಕಂಡವರು. ಆ ಕೃಷ್ಣಪ್ರೇಮರು ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ವೈಷ್ಣವ ಸಾಧುವಾದ ಇಂಗ್ಲಿಷಿನವರು. ವೋಟಿಗಾಗಿ ಯಾರೂ ಇಷ್ಟು ದೂರ ಹೋಗುವುದಿಲ್ಲ. ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ತಾವಾಗಿ ಬಿಟ್ಟುಕೊಟ್ಟವರು ಎಂಬುದನ್ನೂ ಟೀಕಾಕಾರರು ಲೆಕ್ಕಕ್ಕೆ ಹಿಡಿಯಬೇಕು.

ನಂಬಿಕೆ ನಿಜವಾದದ್ದು ಎಂದು ಒಪ್ಪಿಕೊಂಡ ಮೇಲೇ ಪ್ರಶ್ನೆ ಬಿಗಿಯಾಗುವುದು. ಅಧಿಕಾರದ ಕಾಗದಕ್ಕೆ ಸಹಿ ಹಾಕುವಾಗ ಅದು ಎಲ್ಲಿತ್ತು?

ಮೊದಲು 1953 ತೆಗೆದುಕೊಳ್ಳಿ. ಒಂದು ಸಂಪುಟ ಮುಗಿಯುವುದೂ ಇನ್ನೊಂದು ಶುರುವಾಗುವುದೂ ಆ ವರ್ಷದಲ್ಲೇ. ಆಗಸ್ಟ್ 8ರ ರಾತ್ರಿ ಜಮ್ಮು-ಕಾಶ್ಮೀರದ ಪ್ರಧಾನಿ (ಅಲ್ಲಿನ ಸರ್ಕಾರದ ಮುಖ್ಯಸ್ಥರಿಗೆ ಆಗ ಇದ್ದ ಹೆಸರು) ಶೇಖ್ ಅಬ್ದುಲ್ಲಾ ಅವರ ಸರ್ಕಾರ ವಜಾ ಆಯಿತು, ಆದೇಶ ಹೊರಡಿಸಿದ ಸದರ್-ಇ-ರಿಯಾಸತ್‌ಗೆ 22 ವರ್ಷ. ಐದು ಜನರ ಮಂತ್ರಿಸಂಪುಟದಲ್ಲಿ ಬಕ್ಷಿ ಗುಲಾಂ ಮೊಹಮ್ಮದ್, ಗಿರಿಧಾರಿ ಲಾಲ್ ಡೋಗ್ರಾ, ಶಾಮ್ ಲಾಲ್ ಸರಾಫ್ ಶೇಖ್ ವಿರುದ್ಧ ನಿಂತಿದ್ದರು, ಹಾಗಾಗಿ ಸಂಪುಟದ ವಿಶ್ವಾಸ ಹೋಗಿದೆ ಎಂಬುದು ಕಾರಣ. ಶಾಸನಸಭೆಯಲ್ಲಿ ಬಹುಮತ ತೋರಿಸಲು ಶೇಖ್‌ಗೆ ಅವಕಾಶ ಸಿಗಲಿಲ್ಲ. ಗುಲ್ಮಾರ್ಗ್‌ನಲ್ಲಿದ್ದವರನ್ನು ಅಲ್ಲೇ ಬಂಧಿಸಿದರು. ಈ ಭಾಗವನ್ನು ಒಂಟಿಯಾಗಿ ಓದಬಾರದು. ಪಕ್ಕದಲ್ಲಿ ಶೇಖ್ ಅವರ ಆತ್ಮಕಥೆ 'ಆತಿಶ್-ಎ-ಚಿನಾರ್' ಇರಬೇಕು, ಅದು ಅವರ ಮರಣಾನಂತರ 1986ರಲ್ಲಿ ಬಂತು. ಒಂದು ಹಾಳೆಯಲ್ಲಿ ತಾರೀಖು ಬರೆದು, ಎದುರಿಗೆ ಇಬ್ಬರ ಮಾತನ್ನೂ ಇಡಿ. ಇನ್ನೊಂದು ಕಾಲಂನಲ್ಲಿ, ಪುಸ್ತಕ ಅಚ್ಚಾದಾಗ ಯಾರು ಬದುಕಿದ್ದರು ಎಂದು ಬರೆಯಿರಿ. ಹರಿಸಿಂಗ್ 1961ರಲ್ಲಿ, ನೆಹರೂ 1964ರಲ್ಲಿ, ಬಕ್ಷಿ 1972ರಲ್ಲಿ, ಶೇಖ್ 1982ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1985ರಲ್ಲಿ ಎರಡನೇ ಸಂಪುಟ ಬಂದಾಗ 'ಹಾಗಲ್ಲಪ್ಪಾ, ನಡೆದದ್ದು ಹೀಗೆ' ಎನ್ನಲು ಇವರಲ್ಲಿ ಒಬ್ಬರೂ ಇರಲಿಲ್ಲ. ಬರೆದದ್ದು ಸುಳ್ಳು ಎಂದಲ್ಲ. ತಂದೆಯ ಜೊತೆಗಿನ ತಿಕ್ಕಾಟವನ್ನು ಮುಚ್ಚಿಡದ ಪುಸ್ತಕ ಅದು. ಆದರೂ ಏಕಪಕ್ಷೀಯ ಸಾಕ್ಷ್ಯ ಏಕಪಕ್ಷೀಯವೇ.

ಇನ್ನು ಪುಸ್ತಕದಾಚೆಯ 1976. ಎರಡು ವರ್ಷದ ಹಿಂದೆ, 1974ರಲ್ಲಿ, ಬುಕಾರೆಸ್ಟ್‌ನ ಜನಸಂಖ್ಯಾ ಸಮ್ಮೇಳನದಲ್ಲಿ ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂದು ಹೇಳಿ ಲೋಕದ ಮೆಚ್ಚುಗೆ ಗಳಿಸಿದ್ದ ಅದೇ ಆರೋಗ್ಯ ಸಚಿವರು 1976ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಜನಸಂಖ್ಯಾ ನೀತಿ ಮಂಡಿಸಿದರು. ಮದುವೆಯ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಆಗಬೇಕು ಎಂದದ್ದು ಒಳ್ಳೆಯದೇ. ಮುಂದೆ ಓದಿ. ಸಂತಾನಹರಣ ಆಪರೇಷನ್ ಮಾಡಿಸಿಕೊಂಡರೆ ಎರಡು ಅಥವಾ ಕಡಿಮೆ ಮಕ್ಕಳಿದ್ದವರಿಗೆ 150 ರೂಪಾಯಿ, ಮೂರಿದ್ದರೆ 100, ನಾಲ್ಕು ಅಥವಾ ಹೆಚ್ಚಿದ್ದರೆ 70. ರಾಜ್ಯಗಳ ಯೋಜನೆಗೆ ಕೇಂದ್ರ ಕೊಡುವ ನೆರವಿನಲ್ಲಿ ಶೇ. 8 ಭಾಗ ಕುಟುಂಬ ಯೋಜನೆಯ ಸಾಧನೆಗೆ ತಕ್ಕಂತೆ. ಕಡ್ಡಾಯದ ಕಾನೂನನ್ನು ಕೇಂದ್ರ ತರುವುದಿಲ್ಲ, ಬೇಕಾದ ರಾಜ್ಯಗಳು ತರಬಹುದು.

ಎಡವಟ್ಟಾದದ್ದು ಇಲ್ಲೇ. ಹಣ ಸಾಧನೆಗೆ ಕಟ್ಟಿದ ಮೇಲೆ ಟಾರ್ಗೆಟ್ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಮೇಷ್ಟ್ರು, ಶಾನುಭೋಗರ ಮಟ್ಟದ ನೌಕರನ ತಲೆಗೆ ಇಳಿಯುತ್ತದೆ. ತಲೆ ಎಣಿಸಿ ಒಪ್ಪಿಸಬೇಕಾದವನು ಒಪ್ಪಿಗೆ ಕೇಳುತ್ತಾ ಕೂರುವುದಿಲ್ಲ. 1975-76ರಲ್ಲಿ ಸುಮಾರು 26 ಲಕ್ಷ ಇದ್ದ ಆಪರೇಷನ್ 1976-77ರಲ್ಲಿ 82 ಲಕ್ಷ ದಾಟಿತು. ಬಲವಂತಕ್ಕೆ ಸಂಜಯ್ ಗಾಂಧಿ ಹೆಸರು ಬಂತು, ಬರಬೇಕಾದದ್ದೇ. ನೀತಿಯ ಪತ್ರ ಮಾತ್ರ ಖಾತೆ ಹೊತ್ತವರದು. 'ಬಹುಜನ ಹಿತಾಯ ಬಹುಜನ ಸುಖಾಯ' ಎಂದು ದಶಕಗಳ ಕಾಲ ಉಪನ್ಯಾಸ ಕೊಟ್ಟವರು ಈ ಒಂದು ವರ್ಷದ ಬಗ್ಗೆ ಮೂರನೇ ಸಂಪುಟವನ್ನೇ ಬರೆಯಬಹುದಿತ್ತು. ಅಷ್ಟು ಸೊಗಸಾದ ಇಂಗ್ಲಿಷ್ ಇತ್ತು, ಬಿಡುವೂ ಇತ್ತು.

1981 ಕೂಡ ಹಾಗೆಯೇ. ತಮಿಳುನಾಡಿನ ಮೀನಾಕ್ಷಿಪುರಂನಲ್ಲಿ ದಲಿತರು ಸಾಮೂಹಿಕವಾಗಿ ಇಸ್ಲಾಂಗೆ ಮತಾಂತರವಾದ ನಂತರ ಅವರು ವಿರಾಟ್ ಹಿಂದೂ ಸಮಾಜ ಎಂಬ ಸಂಘಟನೆಯ ಮುಂದಾಳತ್ವ ವಹಿಸಿದ್ದರು. 'ಏಕಂ ಸತ್ ವಿಪ್ರಾ ಬಹುಧಾ ವದಂತಿ' ಎನ್ನುವ ಸರ್ವಧರ್ಮ ಸಂವಾದಿಯನ್ನು ಮಾತ್ರ ನೋಡುವವರು ಇದನ್ನು ಬಿಡುತ್ತಾರೆ. ಇದನ್ನು ಮಾತ್ರ ಹಿಡಿದವರು, ಅಸ್ಪೃಶ್ಯತೆ ಹೋಗದೆ ಮತಾಂತರ ನಿಲ್ಲದು ಎಂಬ ಮಾತೂ ಆಗ ಆ ವಲಯದಲ್ಲಿ ಎದ್ದಿತ್ತು ಎಂಬುದನ್ನು ಬಿಡುತ್ತಾರೆ. ಬಾಬಾಬುಡನ್‌ಗಿರಿಯ ವ್ಯಾಜ್ಯವನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ನಮಗೆ ವೇದಿಕೆಯ ಶ್ಲೋಕಕ್ಕೂ ಬೀದಿಯ ಮೆರವಣಿಗೆಗೂ ಇರುವ ದೂರ ಹೊಸದಾಗಿ ಹೇಳಬೇಕಿಲ್ಲ.

ಓದಬೇಕೆನ್ನುವವರಿಗೆ ಎರಡೂ ಸಂಪುಟ ಸೇರಿದ ಒಂದೇ ಪುಸ್ತಕವೂ ಇದೆ, 1989ರದು. ಕ್ಯಾನ್ಸ್‌ನಲ್ಲಿ ಹುಟ್ಟಿದ ರಾಜಕುಮಾರನ ಬಾಲ್ಯದಲ್ಲೇ ಸಿಕ್ಕಿಕೊಂಡು ಕೈಬಿಡುವವರು ಬಹಳ. 1953ರಿಂದ ಶುರು ಮಾಡಿ, ಶೇಖ್ ಅವರ ಪುಸ್ತಕದ ಅದೇ ಭಾಗ ನೋಡಿ, ಆಮೇಲೆ ಬಾಲ್ಯಕ್ಕೆ ಹೋಗಿ. 1967 ಮುಗಿದ ಮೇಲೆ ಜನಸಂಖ್ಯಾ ನೀತಿಯ ಪತ್ರವನ್ನೂ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ವರದಿಯ ಕುಟುಂಬ ಯೋಜನೆ ಭಾಗವನ್ನೂ ಓದಿ. ರಾಜರ್ಷಿಯೋ ಅಲ್ಲವೋ ಎಂಬ ಜಗಳ ಆಮೇಲೆ ಧಾರಾಳವಾಗಿ ಆಡೋಣ, ಕಾಮೆಂಟ್ ತೆರೆದೇ ಇದೆ.